ಎಂಟು ಕಣ್ಣಿನ ಮೇಸ್ತ್ರಿ

ನನಗೆ ಜೇಡ ಕಂಡರೆ ಆಗುವುದಿಲ್ಲ. ಎತ್ತರವೂ ಆಗುವುದಿಲ್ಲ. ಎರಡನ್ನೂ ಮೊದಲೇ ಹೇಳಿಬಿಟ್ಟಿದ್ದೇನೆ, ಆಮೇಲೆ ಯಾರೂ ನನ್ನನ್ನು ಆಡಿಕೊಳ್ಳಬಾರದು. ಇಂಥವನು ಹನ್ನೊಂದು ವರ್ಷ ದೊಡ್ಡ ದೊಡ್ಡ ಕಟ್ಟಡಗಳ ತಾರಸಿಯ ಮೇಲೆ ಕೂತು, ಜೇಡದ ಪುರಾಣ ಕೇಳುತ್ತಾ ಹೊಟ್ಟೆ ಹೊರೆದುಕೊಂಡಿದ್ದಾನೆ ಎಂದರೆ ಅದಕ್ಕೆ ನಮ್ಮ ಭಾವನೇ ಕಾರಣ. ಭಾವ ಅಂದರೆ ನನ್ನ ಅಕ್ಕನ ಗಂಡ.

ಭಾವ ಕಟ್ಟಡಗಳ ಹೊರಗೋಡೆಗೆ ಬಣ್ಣ ಬಳಿಯುವವರು. ಹತ್ತು ಮಹಡಿಯಿರಲಿ, ಹದಿನೈದಿರಲಿ, ತಾರಸಿಯಿಂದ ಇಳಿಬಿಟ್ಟ ಹಗ್ಗಕ್ಕೆ ಒಂದು ಹಲಗೆ, ಹಲಗೆಯ ಮೇಲೆ ಭಾವ, ಪಕ್ಕದಲ್ಲಿ ಬಕೆಟ್ಟು, ಕೈಯಲ್ಲಿ ರೋಲರ್. ಮೇಲಿನಿಂದ ಒಂದು ಪಟ್ಟಿ ಬಣ್ಣ ಹಚ್ಚುತ್ತಾ ನೆಲದವರೆಗೆ ಇಳಿಯುವುದು, ಮತ್ತೆ ಮೆಟ್ಟಿಲು ಹತ್ತಿ ಬಂದು ಪಕ್ಕದ ಪಟ್ಟಿ ಹಿಡಿಯುವುದು. ಬಣ್ಣ ಕಣ್ಣಿಗೆ ಸಿಡಿಯಬಾರದೆಂದು ದೊಡ್ಡ ಗಾಜಿನ ಕನ್ನಡಕ ಹಾಕಿಕೊಳ್ಳುತ್ತಾರೆ. ಮೈಯಲ್ಲಿ ಒಂದು ಹಿಡಿ ಮಾಂಸ ಹೆಚ್ಚಿಗೆ ಇಲ್ಲ. ನನ್ನ ಹೊಟ್ಟೆ ನೋಡಿ, "ನೀನು ಇಳಿದ್ರೆ ಕಟ್ಟಡಾನೇ ನಿನ್ನ ಜೊತೆ ಇಳಿಯುತ್ತೆ ಕಣೋ" ಅನ್ನುತ್ತಾರೆ.

ನಾನು ಮೇಲೆ ಹಗ್ಗ ಕಾಯುವವನು. ಹಗ್ಗ ಮೂರು. ಭಾವನ ಹಲಗೆ ತೂಗುವುದು ಕೆಲಸದ ಹಗ್ಗದಲ್ಲಿ. ಇನ್ನೊಂದು ಅವರ ಎದೆಯ ಬೆಲ್ಟಿನ ಲಾಕಿನೊಳಗೆ ಹಾದು ಸುಮ್ಮನೆ ಇಳಿದಿರುತ್ತದೆ. ಕೆಲಸದ ಹಗ್ಗ ಕಡಿದರೆ ಆ ಲಾಕು ಇದನ್ನು ಕಚ್ಚಿಕೊಳ್ಳಬೇಕು. ಅದಕ್ಕೆ ನಾವು ಕಾವಲು ಹಗ್ಗ ಅನ್ನುತ್ತೇವೆ. ಮೂರನೆಯದು ಬಕೆಟ್ಟಿನ ಸಣ್ಣ ಹಗ್ಗ. ಕೆಲಸದ ಹಗ್ಗ ಒಂದು ಕಂಬಕ್ಕಾದರೆ ಕಾವಲು ಹಗ್ಗ ಇನ್ನೊಂದಕ್ಕೆ. ಎರಡನ್ನೂ ಒಂದೇ ಕಂಬಕ್ಕೆ ಕಟ್ಟಿದ್ದು ಕಂಡರೆ ಭಾವ ಆ ದಿನ ಇಳಿಯುವುದೇ ಇಲ್ಲ.

ಅಷ್ಟು ಕೆಳಗಿನಿಂದ ಕೂಗಿದರೆ ಕೇಳುವುದಿಲ್ಲ. ಫೋನ್ ಇಟ್ಟುಕೊಳ್ಳುತ್ತಿದ್ದ ಕಾಲವೂ ಇತ್ತು, ಅದು ಒಮ್ಮೆ ಜೇಬಿನಿಂದ ಜಾರಿ ವಾಚ್‌ಮನ್ನಿನ ಕಾಲ ಬುಡಕ್ಕೆ ಬಿತ್ತು. ಅಂದಿನಿಂದ ಜೇಬೆಲ್ಲ ಖಾಲಿ, ಮಾತೆಲ್ಲ ಕಾವಲು ಹಗ್ಗದಲ್ಲಿ. ಒಂದು ಸಲ ಜಗ್ಗಿದರೆ ತಾಳು. ಎರಡು ಸಲ ಜಗ್ಗಿದರೆ ಬಕೆಟ್ಟು ಎಳಿ. ಮೂರು ಸಲ ಜಗ್ಗಿದರೆ ಭಾವ ನೆಲ ಮುಟ್ಟಿ ಬೆಲ್ಟು ಕಳಚಿದ್ದಾರೆ, ಹಗ್ಗ ಬಿಚ್ಚಿ ಮುಂದಿನ ಪಟ್ಟಿಗೆ ಕಟ್ಟು.

ಮೂರು ಜಗ್ಗಿಗೆ ಭಾವ ಒಂದು ಕಟ್ಟಳೆ ಮಾಡಿದ್ದರು. ಮೊದಲು ಬಗ್ಗಿ ನೋಡು. ಆಮೇಲೆ ಕೆಲಸದ ಹಗ್ಗ ಬಿಚ್ಚು. ಕಾವಲು ಹಗ್ಗ ಕೊನೆಗೆ. ಈಗ ನಿಜ ಹೇಳುತ್ತೇನೆ. ಹನ್ನೊಂದು ವರ್ಷದಲ್ಲಿ ನಾನು ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ತಾರಸಿಯ ಅಂಚಿನ ಗೋಡೆಯ ಹತ್ತಿರ ಹೋದರೆ ನನಗೆ ಅಂಗಾಲು ಜುಮ್ಮೆನ್ನುತ್ತದೆ. ಆದರೆ ಮನುಷ್ಯ ತೂಗುತ್ತಿರುವ ಹಗ್ಗದ ಗಂಟು ಯಾರು ಎಳೆದರೂ ಬಿಚ್ಚಿಕೊಳ್ಳುವುದಿಲ್ಲ. ಗಂಟು ಸಡಿಲವಿದ್ದರೆ ಭಾವ ನೆಲದ ಮೇಲಿದ್ದಾರೆ ಎಂದೇ ಲೆಕ್ಕ. ಹೀಗೆ ಕಣ್ಣಿನ ಕೆಲಸವನ್ನು ಬೆರಳಿಗೆ ಒಪ್ಪಿಸಿ ಬದುಕಿಕೊಂಡಿದ್ದೆ. ಇದು ಅಕ್ಕನಿಗೆ ಗೊತ್ತಿರಲಿಲ್ಲ.

ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು. ದಿನಾ ಸಂಜೆ ನಾವು ಹಗ್ಗದ ಚೀಲ ಹೊತ್ತು ಮನೆಗೆ ಬಂದರೆ, ನೀರು ಕೊಡುವ ಮೊದಲು ಅವಳು ಕೈ ಚಾಚುತ್ತಾಳೆ. ಎರಡೂ ಹಗ್ಗಗಳನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳ ಸಂದಿಯಲ್ಲಿ ಎಳೆದು ನೋಡುತ್ತಾಳೆ. ಒಂದು ಎಳೆ ಎದ್ದಿದ್ದರೂ ಅವಳ ಬೆರಳಿಗೆ ತಿಳಿಯುತ್ತದೆ. "ನೀನು ಮೇಲಿರ್ತೀಯ ಅನ್ನೋ ಧೈರ್ಯಕ್ಕೆ ನಾನಿಲ್ಲಿ ಮಿಷನ್ ತುಳೀತೀನಿ" ಎಂದು ನನಗೆ ಎಷ್ಟೋ ಸಲ ಹೇಳಿದ್ದಾಳೆ. ಆಗೆಲ್ಲ ನಾನು ತಲೆ ತಗ್ಗಿಸಿ ಕಾಫಿ ಕುಡಿದಿದ್ದೇನೆ.

ಭಾವನಿಗೆ ಎರಡು ಹಗ್ಗದ ಬುದ್ಧಿ ಕೊಟ್ಟಿದ್ದು ಒಂದು ಜೇಡ. ಮೊದಲು ಎಲ್ಲರೂ ಒಂದೇ ಹಗ್ಗದಲ್ಲಿ ಇಳಿಯುತ್ತಿದ್ದರು. ಒಂದು ದಿನ ಭಾವ ನೋಡನೋಡುತ್ತಿದ್ದಂತೆಯೇ ಅವರ ಜೊತೆಗಾರನ ಹಗ್ಗ ಆರನೇ ಮಹಡಿಯಲ್ಲಿ ಕಡಿಯಿತು. ಅವನು ಉಳಿಯಲಿಲ್ಲ. ಭಾವ ಮನೆಗೆ ಬಂದು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತವರು ನಾಲ್ಕು ತಿಂಗಳು ಕೆಲಸದ ಮಾತೆತ್ತಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಮಾತಾಡಿಸಿದರೆ ಹೂಂ ಅನ್ನುತ್ತಿದ್ದರು, ಅಷ್ಟೆ. ಅಕ್ಕ ಒಂದು ಕಣ್ಣು ಬಟ್ಟೆಯ ಮೇಲೆ, ಒಂದು ಕಣ್ಣು ಗಂಡನ ಮೇಲೆ ಇಟ್ಟುಕೊಂಡು ಮನೆ ನಡೆಸಿದಳು.

ಒಂದು ಮಧ್ಯಾಹ್ನ ನಾನು ಹೋದಾಗ ಭಾವ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಿದ್ದರು. ಮುಗಿಯಿತು, ತಲೆ ಕೆಟ್ಟಿತು ಅಂದುಕೊಂಡೆ. ಅವರು ಸದ್ದು ಮಾಡಬೇಡ ಎಂದು ಸನ್ನೆ ಮಾಡಿ ಗೋಡೆ ತೋರಿಸಿದರು. ಹೆಸರುಕಾಳಿಗಿಂತ ಸ್ವಲ್ಪ ದೊಡ್ಡ ಜೇಡ, ಬೂದು ಮೈ, ಬಿಳಿ ಗೆರೆ. ಬಲೆ ಇಲ್ಲ, ಗಿಲೆ ಇಲ್ಲ. ಬಲೆ ಹೆಣೆದು ಕೂರುವ ಜಾತಿಯಲ್ಲ ಇದು, ಬೆಕ್ಕಿನ ಹಾಗೆ ಹೊಂಚು ಹಾಕಿ ಜಿಗಿಯುವ ಜಾತಿ. ನಾನು ಹತ್ತಿರ ಹೋದದ್ದೇ ತಡ, ಇಡೀ ಮೈಯನ್ನು ತಿರುಗಿಸಿ ನನ್ನನ್ನೇ ನೋಡಿತು. ಮುಖದ ತುಂಬ ಕಣ್ಣು. ಮುಂದೆ ನಾಲ್ಕು, ಅದರಲ್ಲಿ ನಡುವಿನ ಎರಡು ಗಾಡಿಯ ದೀಪದಷ್ಟು ಎದ್ದು ಕಾಣುತ್ತಿದ್ದವು. ಉಳಿದ ನಾಲ್ಕು ತಲೆಯ ಪಕ್ಕಕ್ಕೆ, ಹಿಂದಕ್ಕೆ. ಜೇಡ ಮನುಷ್ಯನ ಮುಖ ನೋಡುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ, ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಕಿಟಕಿಯ ಚೌಕಟ್ಟಿನ ಮೇಲೆ ಒಂದು ನೊಣ ಕೈ ಉಜ್ಜುತ್ತಾ ಕೂತಿತ್ತು. ಗೋಡೆಗೂ ಚೌಕಟ್ಟಿಗೂ ನಡುವೆ ನಾಲ್ಕು ಬೆರಳು ಖಾಲಿ ಜಾಗ. ಜೇಡ ನೊಣವನ್ನು ನೋಡಿತು. ನೋಡಿ, ಬೆನ್ನು ತಿರುಗಿಸಿ ಹೊರಟೇಬಿಟ್ಟಿತು.

"ಹೆದರ್ಕೊಂಡು ಓಡ್ತು ನಿಮ್ಮ ಶೂರ" ಅಂದೆ.

"ಓಡ್ಲಿಲ್ಲ, ಸುತ್ತಿ ಬರುತ್ತೆ. ಬಾಯಿ ಮುಚ್ಕೊಂಡು ನೋಡು" ಅಂದರು ಭಾವ. ನಾಲ್ಕು ತಿಂಗಳಲ್ಲಿ ಅವರ ಬಾಯಿಂದ ಬಂದ ಅತಿ ಉದ್ದದ ಮಾತು ಅದು.

ಜೇಡ ಗೋಡೆ ಹತ್ತಿ, ಪರದೆಯ ಕೋಲಿನ ಮೇಲೆ ನಡೆದು, ಚೌಕಟ್ಟಿನ ಆಚೆ ಮಗ್ಗುಲಿನಲ್ಲಿ ಇಳಿಯಿತು. ಅಷ್ಟು ಹೊತ್ತೂ ನೊಣ ಅದಕ್ಕೆ ಕಾಣುತ್ತಿರಲಿಲ್ಲ, ಆದರೂ ದಾರಿ ತಪ್ಪಲಿಲ್ಲ. ನೊಣದ ಹಿಂದೆ ಬಂದ ಮೇಲೆ ಅದರ ನಡಿಗೆಯೇ ಬೇರೆ. ನೊಣ ಅಲುಗಿದರೆ ನಿಲ್ಲುವುದು, ನೊಣ ಸುಮ್ಮನಾದರೆ ಒಂದು ಕೂದಲಿನಷ್ಟು ಮುಂದೆ. ಎರಡು ಬೆರಳು ದೂರದಲ್ಲಿ ಅದು ಮೈ ತಗ್ಗಿಸಿ, ಹಿಂಭಾಗವನ್ನು ಮರಕ್ಕೆ ಒಂದು ಸಲ ಮುಟ್ಟಿಸಿತು. "ನೋಡಿದ್ಯಾ, ದಾರ ಅಂಟಿಸ್ತು" ಎಂದು ಭಾವ ಪಿಸುಗುಟ್ಟಿದರು. ಜಿಗಿಯಿತು. ನೊಣ ಹಾರಿತು. ಜೇಡ ಗುರಿ ತಪ್ಪಿ ಕೆಳಗೆ ಬಿತ್ತು.

ಬಿತ್ತು ಎಂದರೆ ಒಂದು ಗೇಣು ಅಷ್ಟೆ. ಅಂಟಿಸಿದ್ದ ದಾರದಲ್ಲಿ ನೇತಾಡಿತು. ಆಮೇಲೆ ಏನೂ ಆಗದವರ ಹಾಗೆ ಅದೇ ದಾರ ಹಿಡಿದು ಮೇಲೆ ಹತ್ತಿ, ಮುಂಗಾಲಿನಿಂದ ಕಣ್ಣು ಒರೆಸಿಕೊಂಡಿತು.

ಭಾವ ಕುರ್ಚಿಯಿಂದ ಎದ್ದರು. ಅವರ ಕಣ್ಣಲ್ಲಿ ನೀರಿತ್ತು. "ಇಷ್ಟು ಚಿಕ್ಕ ಪ್ರಾಣಿ. ಇಷ್ಟೇ ಇಷ್ಟು ಕಿಟಕಿ. ಇದು ಎರಡನೇ ದಾರ ಇಲ್ದೆ ಹೆಜ್ಜೆ ಎತ್ತಲ್ಲ. ನಾವು ಮನುಷ್ಯರು ಒಂದೇ ಹಗ್ಗದಲ್ಲಿ ಇಳೀತಿದ್ವಲ್ಲೋ" ಅಂದರು. ಮರುದಿನವೇ ಎರಡನೇ ಹಗ್ಗ ತಂದರು, ನನ್ನನ್ನು ಮೇಲೆ ಕೂರಿಸಿದರು. ಅಂದಿನಿಂದ ಜಿಗಿಯುವ ಜೇಡಕ್ಕೆಲ್ಲ ಅವರು ಇಟ್ಟ ಹೆಸರು ಮೇಸ್ತ್ರಿ.

ಆಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ. ಊಟಕ್ಕೆ ಕೂತರೆ ಸಾಕು, ಐದನೇ ಮಹಡಿಯ ಮೇಸ್ತ್ರಿ ಏನು ಹಿಡಿದ, ಒಂಬತ್ತನೇ ಮಹಡಿಯ ಮೇಸ್ತ್ರಿ ಕಿಟಕಿಯ ಮೂಲೆಯಲ್ಲಿ ಬಿಳಿ ರೇಷ್ಮೆಯ ಚೀಲ ಹೆಣೆದು ಹೇಗೆ ಮಲಗುತ್ತಾನೆ. ಗಂಡು ಜೇಡ ಹೆಣ್ಣಿನ ಮುಂದೆ ಮುಂಗಾಲೆತ್ತಿ ಅತ್ತಿತ್ತ ಕುಣಿಯುತ್ತದೆ, ಕುಣಿತ ಹಿಡಿಸದಿದ್ದರೆ ಹೆಣ್ಣು ಅದನ್ನೇ ತಿಂದುಹಾಕುವುದೂ ಉಂಟು ಎಂದು ಒಂದು ದಿನ ಮನೆಯಲ್ಲಿ ಹೇಳಿದರು. ಅಕ್ಕ ಸೂಜಿಗೆ ದಾರ ಪೋಣಿಸುತ್ತಾ, "ನೀವು ಒಂದು ದಿನಾನೂ ಕುಣೀಲಿಲ್ಲ, ಆದ್ರೂ ಬಿಟ್ಟಿದ್ದೀನಿ, ನೆನಪಿರ್ಲಿ" ಅಂದಳು.

ಈಗ ಆ ದಿನದ ಮಾತಿಗೆ ಬರುತ್ತೇನೆ. ಬಾರದೆ ವಿಧಿಯಿಲ್ಲ.

ಹನ್ನೆರಡು ಮಹಡಿಯ ಆಫೀಸು ಕಟ್ಟಡ. ಇನ್ನೆರಡು ದಿನಕ್ಕೆ ಬಾಗಿಲು ತೆರೆಯಬೇಕಿತ್ತು. ಪಡುವಣ ಗೋಡೆಯಲ್ಲಿ ನಾಲ್ಕು ಪಟ್ಟಿ ಉಳಿದಿದ್ದವು. ಲಿಫ್ಟು ಇನ್ನೂ ಓಡುತ್ತಿರಲಿಲ್ಲ. ಸೂಪರ್‌ವೈಸರ್ ಬೆಳಗಿನಿಂದ ಮೂರು ಸಲ ಮೆಟ್ಟಿಲು ಹತ್ತಿ ಬಂದು ನನ್ನ ತಲೆ ತಿಂದಿದ್ದ. ನಾಲ್ಕನೇ ಸಲ ಬಂದಾಗ ಗಂಟೆ ಹನ್ನೊಂದೂವರೆ. ಬಂದವನು ನೀರಿನ ತೊಟ್ಟಿಯ ಕಂಬಕ್ಕೆ ಒರಗಿ ನಿಂತ. ಕಾವಲು ಹಗ್ಗ ಕಟ್ಟಿದ್ದು ಅದೇ ಕಂಬಕ್ಕೆ. ಕೆಲಸದ ಹಗ್ಗ ಆಚೆ, ಲಿಫ್ಟಿನ ಕೋಣೆಯ ಕಂಬದಲ್ಲಿತ್ತು.

"ಏನ್ರೀ, ನಿಮ್ಮವರು ಕೆಳಗೆ ಬಣ್ಣ ಹಚ್ತಿದ್ದಾರೋ, ನಿದ್ದೆ ಮಾಡ್ತಿದ್ದಾರೋ?" ಅಂದ.

"ನೀವೇ ಇಳಿದು ನೋಡ್ಕೊಂಡು ಬನ್ನಿ" ಅಂದೆ.

ಅಷ್ಟರಲ್ಲಿ ಕಾವಲು ಹಗ್ಗ ಮೂರು ಸಲ ಜಗ್ಗಿತು. ಒಂದು ಪಟ್ಟಿಗೆ ಎರಡು ಗಂಟೆ ಬೇಕು, ಇದಕ್ಕೆ ಒಂದು ಗಂಟೆಯೂ ಆಗಿರಲಿಲ್ಲ. ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಬದಲಿಗೆ ಜಂಬ ಬಂತು. "ನೋಡಿ, ಆಗ್ಲೇ ನೆಲ ಮುಟ್ಟಿದ್ರು. ಇನ್ನೇನ್ರೀ ನಿಮ್ಮ ಮಾತು?" ಎನ್ನುತ್ತಾ ಸೂಪರ್‌ವೈಸರ್ ಇದ್ದ ಕಡೆಗೇ ನಡೆದೆ. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ನನಗೆ ಆತುರದ ಜೊತೆಗೆ ಸಿಟ್ಟೂ ಇತ್ತು. ಬಾಯಿ ಅವನ ಜೊತೆ ಜಗಳವಾಡುತ್ತಿತ್ತು, ಕೈ ತನ್ನ ಪಾಡಿಗೆ ಕಂಬದ ಗಂಟು ಬಿಚ್ಚುತ್ತಿತ್ತು. ಕೊನೆಗೆ ಬಿಚ್ಚಬೇಕಾದ ಹಗ್ಗವನ್ನು ಮೊದಲು ಬಿಚ್ಚಿದೆ. ಭಾರವಿಲ್ಲದ ಗಂಟು ಸಲೀಸಾಗಿ ಬಿಚ್ಚಿಕೊಂಡಿತು.

ಬಿಚ್ಚಿದ ತುದಿಯನ್ನಾದರೂ ಹಿಡಿದುಕೊಂಡಿದ್ದೆನೇ? ಅವನು ಇನ್ನೊಂದು ಮಾತಾಡಿದ, ನಾನು ಬೆರಳು ತೋರಿಸಲು ಕೈ ಬಿಟ್ಟೆ. ಹಗ್ಗ ತಾರಸಿಯ ಮೇಲೆ ಸರಸರನೆ ಹರಿದು, ಅಂಚಿನ ಗೋಡೆ ಹತ್ತಿ, ಆಚೆ ಹೋಗಿಬಿಟ್ಟಿತು.

ಹೋದರೆ ಹೋಗಲಿ, ಭಾವ ಕೆಳಗಿದ್ದಾರಲ್ಲ, ತಂದುಕೊಳ್ಳುತ್ತಾರೆ ಅಂದುಕೊಂಡು ಲಿಫ್ಟಿನ ಕೋಣೆಯ ಕಡೆ ತಿರುಗಿದೆ. ಕೆಲಸದ ಹಗ್ಗ ಬಿಗಿದ ತಂತಿಯ ಹಾಗೆ ನೆಟ್ಟಗಿತ್ತು. ಭಾವ ಅದರಲ್ಲಿ ತೂಗುತ್ತಿದ್ದರು.

ನಿಂತಲ್ಲೇ ಕೂತುಬಿಟ್ಟೆ. ಕೂತಲ್ಲಿಂದ ಇನ್ನೊಂದು ಕಂಡಿತು. ಅಂಚಿನ ಗೋಡೆಯ ಮೇಲೆ ಹಗ್ಗ ತಿಕ್ಕದಿರಲಿ ಎಂದು ನಾವು ಮಡಿಸಿದ ಗೋಣಿಚೀಲ ಇಟ್ಟಿರುತ್ತೇವೆ. ಭಾವ ಯಾವುದಕ್ಕೋ ಪಕ್ಕಕ್ಕೆ ವಾಲಿರಬೇಕು, ಹಗ್ಗ ಗೋಣಿಯಿಂದ ಒಂದು ಅಡಿ ಆಚೆ ಜಾರಿ ಬರೀ ಕಾಂಕ್ರೀಟಿನ ಹರಿತ ಅಂಚಿನ ಮೇಲೆ ಕೂತಿತ್ತು. ಮೂರು ಎಳೆಯ ಹಗ್ಗ ಅದು. ಒಂದು ಎಳೆ ಅರ್ಧ ಹರಿದು ಬಿಳಿ ನೂಲು ಎದ್ದಿತ್ತು.

ಮೊಣಕಾಲೂರಿ ಗೋಡೆಯ ಹತ್ತಿರ ಹೋದೆ. ಗೋಡೆ ಮೊಣಕಾಲೆತ್ತರ. ಎದೆಯನ್ನು ಅದರ ಮೇಲಿಟ್ಟು, ತಲೆಯನ್ನು ಆಚೆ ಚಾಚಿ, ಕಣ್ಣು ಮುಚ್ಚಿಕೊಂಡೇ ಕೂಗಿದೆ. "ಭಾವ."

"ಇದ್ದೀನಿ" ಎಂದು ಕೆಳಗಿನಿಂದ ಧ್ವನಿ ಬಂತು. ಎಂಟನೇ ಮಹಡಿ, ಕೂಗಿದರೆ ಕೇಳುವಷ್ಟೇ ದೂರ. "ಕಾವಲು ಹಗ್ಗ ನನ್ನ ಮುಂದೆನೇ ಕೆಳಗೆ ಹೋಯ್ತು. ನೀನು ಬಿಚ್ಚಿದ್ಯಾ?"

"ಬಿಚ್ಚಿದೆ ಭಾವ. ಹಗ್ಗ ಗೋಣಿ ಮೇಲಿಲ್ಲ. ಒಂದು ಎಳೆ ಹೋಗ್ತಿದೆ."

ನಾನು ಗೋಣಿಯನ್ನು ಹಗ್ಗದಡಿಗೆ ತೂರಿಸಲು ನೋಡಿದೆ. ಹಗ್ಗ ಒಂದು ಕೂದಲು ಸರಿಯಿತು, ಟಪ್ ಎಂದು ಮೊದಲ ಎಳೆ ಕಡಿಯಿತು. ಭಾವನ ಭಾರವೆಲ್ಲ ಇನ್ನೆರಡು ಎಳೆಯ ಮೇಲಿತ್ತು.

"ಮುಟ್ಬೇಡ" ಅಂದರು ಭಾವ. ಧ್ವನಿಯಲ್ಲಿ ಗಾಬರಿಯಿರಲಿಲ್ಲ. "ಏನನ್ನೂ ಮುಟ್ಬೇಡ. ನಾನು ಇಳಿದ್ರೂ ತಿಕ್ಕುತ್ತೆ, ಹತ್ತಿದ್ರೂ ತಿಕ್ಕುತ್ತೆ. ಅಲುಗಲ್ಲ ನಾನು. ಬೇರೆ ಹಗ್ಗ ಎಲ್ಲಿದೆ?"

ಹೊಸ ಹಗ್ಗ ನೆಲಮಹಡಿಯ ಉಗ್ರಾಣದಲ್ಲಿತ್ತು. ನಾನು ತಿರುಗಿ ನೋಡುವ ಮೊದಲೇ ಸೂಪರ್‌ವೈಸರ್ ಮೆಟ್ಟಿಲ ಕಡೆ ಓಡಿದ್ದ. ಎಷ್ಟು ಬೈದರೂ ಸಾಲದು ಅನ್ನಿಸುತ್ತಿದ್ದ ಮನುಷ್ಯ ಹನ್ನೆರಡು ಮಹಡಿಯನ್ನು ಬಿದ್ದು ಎದ್ದು ಇಳಿದ ಸದ್ದು ನನಗೆ ಕೇಳಿಸಿತು. ಅವನು ಇಳಿದು ಹತ್ತಿ ಬರಲು ಕಾಲು ಗಂಟೆಯಾದರೂ ಬೇಕು. ಹಗ್ಗಕ್ಕೆ ಅಷ್ಟು ಆಯುಸ್ಸಿಲ್ಲ ಎಂದು ನನಗೂ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು.

"ನೇರ ದಾರಿ ಇಲ್ಲ, ಸುತ್ತಿ ಬರೋಣ" ಅಂದರು ಭಾವ. "ಕಾವಲು ಹಗ್ಗ ಇನ್ನೂ ನನ್ನ ಲಾಕಲ್ಲೇ ಇದೆ. ನೀನು ಬಿಚ್ಚಿದ ತುದಿ ಕೆಳಗೆ ನೇತಾಡ್ತಿದೆ. ಅದನ್ನ ಮೆಲ್ಲಗೆ ಎಳ್ಕೊಂಡು ಬಕೆಟ್ ಹಗ್ಗಕ್ಕೆ ಕಟ್ತೀನಿ. ಹೇಳಿದಾಗ ನೀನು ಎಳಿ. ಎಳೆದು ಕಂಬಕ್ಕೆ ಕಟ್ಟು. ಆಯ್ತಾ?"

"ಆಯ್ತು."

"ಕೈ ನಡುಗ್ತಿದ್ಯಾ?"

"ನಡುಗ್ತಿದೆ."

"ನಂದೂ ನಡುಗ್ತಿದೆ. ಅವಸರ ಬೇಡ" ಅಂದರು.

ಆಮೇಲೆ ಅವರು ಮಾಡಿದ್ದನ್ನು ನಾನು ನೋಡಲಿಲ್ಲ. ಹಗ್ಗದ ಅಲುಗಾಟದಲ್ಲೇ ತಿಳಿದುಕೊಂಡೆ. ಅವರು ಹದಿನೈದು ಮೀಟರ್ ಹಗ್ಗವನ್ನು ಗೇಣು ಗೇಣಾಗಿ ಮೇಲೆಳೆದುಕೊಳ್ಳುತ್ತಿದ್ದರು, ಕೈ ಮಾತ್ರ ಆಡಿಸುತ್ತಾ, ಹಲಗೆ ತೂಗದಂತೆ. ಒಂದೊಂದು ಗೇಣಿಗೂ ಅಂಚಿನ ಮೇಲೆ ಒಂದೆರಡು ನೂಲು ಪಟ್ ಪಟ್ ಎಂದು ಎದ್ದು ನಿಲ್ಲುತ್ತಿದ್ದವು. ಒಮ್ಮೆ ಗಾಳಿ ಬೀಸಿತು, ಅವರು ನಿಲ್ಲಿಸಿದರು. ಗಾಳಿ ನಿಂತಿತು, ಮತ್ತೆ ಎಳೆದರು. ಆ ಕಿಟಕಿಯ ಚೌಕಟ್ಟಿನ ಮೇಲೆ ನೊಣದ ಹಿಂದೆ ನಡೆಯುತ್ತಿದ್ದ ಜೇಡ ನನಗೆ ನೆನಪಾಯಿತು. ನಾನು ಅಕ್ಕನ ಹೆಸರು ಹಿಡಿದು ಏನೇನೋ ಹರಕೆ ಹೇಳಿಕೊಳ್ಳುತ್ತಿದ್ದೆ, ಎರಡನೇ ಎಳೆ ಕಡಿಯಿತು.

"ಭಾವ, ಎರಡನೇದೂ ಹೋಯ್ತು."

"ಕೇಳಿಸ್ತು. ಬಕೆಟ್ಟನ್ನ ಹಲಗೆಗೆ ಸಿಕ್ಕಿಸಿದೀನಿ. ತುದಿ ಕಟ್ಟಿದೀನಿ. ಎಳಿ."

ಎಳೆದೆ. ಬಕೆಟ್ಟಿನ ಸಣ್ಣ ಹಗ್ಗ ಬಂತು, ಅದರ ಹಿಂದೆ ಕಾವಲು ಹಗ್ಗದ ತುದಿ ಬಂತು. ಅದನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು, ತೊಟ್ಟಿಯ ಕಂಬದವರೆಗೆ ಓಡಿ, ಕಂಬಕ್ಕೆ ಎರಡು ಸುತ್ತು ಹಾಕಿ ಗಂಟು ಬಿಗಿದೆ. ಕೆಳಗೆ ಭಾವ ಸಡಿಲವನ್ನೆಲ್ಲ ಲಾಕಿನೊಳಗೆ ಎಳೆದುಕೊಳ್ಳುತ್ತಿರುವುದು ಹಗ್ಗದಲ್ಲೇ ಗೊತ್ತಾಗುತ್ತಿತ್ತು. ನಾನು ಎರಡನೇ ಗಂಟು ಹಾಕುತ್ತಿದ್ದೆ, ಬೆನ್ನ ಹಿಂದೆ ಕೆಲಸದ ಹಗ್ಗ ಕಡಿದು ಚಾಟಿಯ ಹಾಗೆ ತಾರಸಿಗೆ ಬಡಿಯಿತು.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ನೆಲದಿಂದ ಧೊಪ್ಪೆಂದು ಸದ್ದು ಬಂತು.

ಆ ಸದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಅಕ್ಕ ಕೈ ಚಾಚಿ ನಿಂತದ್ದು ಕಣ್ಣ ಮುಂದೆ ಬಂತು. ಅಂಗಾಲು ಜುಮ್ಮೆನ್ನುವುದು ನೆನಪಾಗಲಿಲ್ಲ. ಓಡಿ ಹೋಗಿ ಗೋಡೆಯ ಮೇಲೆ ಬಿದ್ದು, ಕಣ್ಣು ತೆರೆದು ಕೆಳಗೆ ನೋಡಿದೆ.

ನೆಲದ ಮೇಲೆ ಕೆನೆ ಬಣ್ಣ ಚೆಲ್ಲಾಡಿತ್ತು. ಹಲಗೆ ಎರಡು ತುಂಡಾಗಿತ್ತು, ಬಕೆಟ್ಟು ಒಡೆದಿತ್ತು. ನನಗೂ ಅದಕ್ಕೂ ನಡುವೆ, ಎಂಟನೇ ಮಹಡಿಯ ಗೋಡೆಗೆ ಎರಡೂ ಪಾದ ಊರಿ, ಎದೆಯ ಬೆಲ್ಟಿನಲ್ಲಿ ಭಾವ ನೇತಾಡುತ್ತಿದ್ದರು. ತಲೆ ಎತ್ತಿ ನನ್ನನ್ನೇ ನೋಡುತ್ತಿದ್ದರು, ಕನ್ನಡಕದ ಎರಡು ದೊಡ್ಡ ಗಾಜು ಬಿಸಿಲಿಗೆ ಹೊಳೆಯುತ್ತಿದ್ದವು.

"ನೋಡ್ತಿದ್ದೀಯಾ?" ಅಂದರು.

"ನೋಡ್ತಿದ್ದೀನಿ ಭಾವ" ಅಂದೆ. ಅತ್ತುಬಿಟ್ಟೆ.

ಸೂಪರ್‌ವೈಸರ್ ಮುಖವೆಲ್ಲ ಬೆವರಾಗಿ ಹೊಸ ಹಗ್ಗ ತಂದ. ಅದನ್ನು ಇಳಿಬಿಟ್ಟೆವು, ಭಾವ ಅದಕ್ಕೆ ಬದಲಿಸಿಕೊಂಡು ನೆಲಕ್ಕಿಳಿದರು. ಮೂರು ಸಲ ಜಗ್ಗಿದರು. ನಾನು ಬಗ್ಗಿ ನೋಡಿದೆ, ಅವರು ನೆಲದ ಮೇಲೆ ಕೂತಿದ್ದರು, ಆದರೂ ಯಾವ ಹಗ್ಗವನ್ನೂ ಬಿಚ್ಚುವ ಧೈರ್ಯ ಬರಲಿಲ್ಲ.

ಅವರು ಮೇಲೆ ಬಂದಾಗ ಕಪಾಳಕ್ಕೆ ಬಾರಿಸುತ್ತಾರೆ ಎಂದು ಕೆನ್ನೆ ಸಿದ್ಧ ಮಾಡಿಕೊಂಡಿದ್ದೆ. ಅವರು ಪಕ್ಕದಲ್ಲಿ ಕೂತು ಒಂದು ಬಾಟಲಿ ನೀರು ಕುಡಿದು, "ಜಗ್ಗಿದ್ದು ನಾನೇ" ಅಂದರು.

ರೋಲರ್ ಹೋಗುವ ದಾರಿಯಲ್ಲಿ ಒಬ್ಬ ಮೇಸ್ತ್ರಿ ಸಣ್ಣ ಹುಳುವಿಗೆ ಹೊಂಚು ಹಾಕುತ್ತಿದ್ದನಂತೆ. ಅವನ ಬೇಟೆ ಕೆಡಿಸಬಾರದೆಂದು ಭಾವ ಪಕ್ಕಕ್ಕೆ ವಾಲಿದ್ದಾರೆ. ಮೇಲೆ ಹಗ್ಗ ಗೋಣಿಯಿಂದ ಜಾರಿದ್ದು ಆಗಲೇ. ಜೇಡ ಜಿಗಿದು ಕಾವಲು ಹಗ್ಗದ ಮೇಲೆ ಕೂತಿದೆ, ಲಾಕಿಗೆ ಎರಡೇ ಬೆರಳು ದೂರ. ಲಾಕು ಸರಿದರೆ ಅದು ನುಚ್ಚುನೂರು. ಓಡಿಸಲೆಂದು ಭಾವ ಹಗ್ಗವನ್ನು ಜಾಡಿಸಿದ್ದಾರೆ. ಒಂದು ಸಲಕ್ಕೆ ಹೋಗಲಿಲ್ಲ, ಎರಡು ಸಲಕ್ಕೂ ಹೋಗಲಿಲ್ಲ.

"ಮೂರು ಸಲ ಆಯ್ತು ಅಂತ ನಂಗೂ ಗೊತ್ತಾಯ್ತು. ಆದ್ರೆ ನೀನು ಬಗ್ಗಿ ನೋಡ್ತೀಯ ಅನ್ಕೊಂಡೆ" ಅಂದರು. ನಾನು ನೆಲ ನೋಡುತ್ತಾ, "ಆ ಜೇಡ ಏನಾಯ್ತು?" ಎಂದು ಕೇಳಿದೆ.

"ಹಗ್ಗದ ಜೊತೆ ಕೆಳಗೆ ಹೋಯ್ತು. ದಾರ ಅಂಟಿಸಿರುತ್ತೆ ಬಿಡು" ಅಂದರು. ಬಾಟಲಿಯ ಮುಚ್ಚಳ ತಿರುಗಿಸುತ್ತಾ, "ನಿಮ್ಮಕ್ಕನಿಗೆ ಹೇಳ್ಬೇಡ. ಹೇಳಿದ್ರೆ ಇನ್ನು ನನ್ನನ್ನ ಸ್ಟೂಲ್ ಹತ್ತೋಕೂ ಬಿಡಲ್ಲ" ಎಂದು ಸೇರಿಸಿದರು. ಇದೊಂದು ಕೆಲಸ ಬಿಟ್ಟು ಅವರಿಗೆ ಬೇರೆ ಗೊತ್ತಿಲ್ಲ, ಬೇರೆ ಬೇಕಾಗಿಯೂ ಇಲ್ಲ. ಹೂಂ ಅಂದೆ.

ಸಂಜೆ ಮನೆಗೆ ಹೋದೆವು. ಚೀಲ ಇರಲಿಲ್ಲ. ಅಕ್ಕ ಮಿಷನ್ ನಿಲ್ಲಿಸಿ ಎದ್ದು ಬಂದು ಎಂದಿನಂತೆ ಕೈ ಚಾಚಿದಳು.

"ಹಗ್ಗ ಅಲ್ಲೇ ಬಿಟ್ವಿ. ಬೆಳಿಗ್ಗೆ ಬೇಗ ಶುರು ಮಾಡ್ಬೇಕಲ್ಲ" ಅಂದರು ಭಾವ.

ಅಕ್ಕ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಚಾಚಿದ ಕೈ ಚಾಚಿಯೇ ಇತ್ತು. ಹನ್ನೊಂದು ವರ್ಷ ಹಗ್ಗ ಎಳೆದೆಳೆದು ತೋರುಬೆರಳಿನ ಸಂದಿಯಲ್ಲಿ ಚರ್ಮ ಒರಟಾಗಿ ಗೆರೆ ಬಿದ್ದಿತ್ತು. ನನಗೆ ತಡೆಯಲಾಗಲಿಲ್ಲ.

"ಕಡೀತಕ್ಕ" ಅಂದೆ. "ಕಾವಲು ಹಗ್ಗ ನಾನೇ ಬಿಚ್ಚಿದ್ದೆ. ಭಾವ ಎಂಟನೇ ಮಹಡೀಲಿದ್ರು." ಎಲ್ಲವನ್ನೂ ಹೇಳಿದೆ. ಭಾವ ನಡುವೆ ಬಾಯಿ ಹಾಕಿ ತಪ್ಪು ತಮ್ಮದು ಅಂದರು. ಅಕ್ಕ ಅವರ ಕಡೆ ತಿರುಗಲೂ ಇಲ್ಲ.

"ಬಗ್ಗಿ ನೋಡಿದ್ಯಾ?" ಎಂದು ನನ್ನನ್ನೇ ಕೇಳಿದಳು.

"ಆಮೇಲೆ ನೋಡ್ದೆ."

"ಮೊದಲು?"

"ಯಾವತ್ತೂ ನೋಡಿಲ್ಲಕ್ಕ. ಹನ್ನೊಂದು ವರ್ಷದಿಂದ. ನಂಗೆ ಭಯ."

ಅಕ್ಕ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ಗೋಡೆಗೆ ಕೈಯೂರಿ ನಿಂತಳು, ಆಮೇಲೆ ಒಳಗೆ ಹೋಗಿ ಅನ್ನಕ್ಕಿಟ್ಟಳು. ಆ ರಾತ್ರಿ ಮೂವರೂ ಊಟಕ್ಕೆ ಕೂತೆವು, ಯಾರೂ ಸರಿಯಾಗಿ ತಿನ್ನಲಿಲ್ಲ.

ಬೆಳಿಗ್ಗೆ ನಾವು ಹೊರಟಾಗ ಅವಳೂ ಚಪ್ಪಲಿ ಮೆಟ್ಟಿದಳು. ಬೇಡ ಅನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಹನ್ನೆರಡು ಮಹಡಿ ಹತ್ತಿ, ಏದುಸಿರು ಬಿಡುತ್ತಾ, ಹೊಸ ಹಗ್ಗ ಮತ್ತು ಕಾವಲು ಹಗ್ಗ ಎರಡನ್ನೂ ಬೆರಳ ಸಂದಿಯಲ್ಲಿ ಎಳೆದು ನೋಡಿದಳು. ಆಮೇಲೆ ಲಿಫ್ಟಿನ ಕೋಣೆಯ ಕಂಬದ ಹತ್ತಿರ ಹೋದಳು. ಹಿಂದಿನ ದಿನ ಕಡಿದ ಹಗ್ಗದ ಮೇಲಿನ ತುಂಡು ಇನ್ನೂ ಕಂಬಕ್ಕೆ ಕಟ್ಟಿಕೊಂಡೇ ಬಿದ್ದಿತ್ತು. ಕೈಚೀಲದಿಂದ ಬಟ್ಟೆ ಕತ್ತರಿಸುವ ಕತ್ತರಿ ತೆಗೆದು, ಹರಿದು ಕೂದಲೆದ್ದ ತುದಿಯನ್ನು ಕತ್ತರಿಸಿ ಎಸೆದಳು. ಉಳಿದದ್ದನ್ನು ಎರಡು ಸಲ ಬೆರಳಲ್ಲಿ ಎಳೆದು ನೋಡಿ, "ಬಾ ಇಲ್ಲಿ" ಎಂದು ನನ್ನನ್ನು ಕರೆದಳು.

ಬಂದೆ. ಆ ಹಗ್ಗವನ್ನು ನನ್ನ ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು, ಜಗ್ಗಿ ನೋಡಿದಳು. ಭಾವ ಕನ್ನಡಕ ಕೈಯಲ್ಲಿ ಹಿಡಿದು ಬಾಯಿ ತೆರೆದುಕೊಂಡು ನಿಂತಿದ್ದರು.

"ಹನ್ನೊಂದು ವರ್ಷದಿಂದ ದಾರದ ಕಥೆ ಹೇಳ್ತೀರಿ" ಎಂದು ಗಂಡನಿಗೆ ಹೇಳಿದಳು. "ಮೇಲಿರೋನಿಗೂ ಒಂದು ಬೇಕು ಅಂತ ನಿಮಗ್ಯಾಕೆ ಹೊಳೀಲಿಲ್ಲ?"

ಭಾವ ನನ್ನ ಸೊಂಟದ ಗಂಟನ್ನು ತಾವೂ ಒಮ್ಮೆ ಜಗ್ಗಿ ನೋಡಿ, ಕನ್ನಡಕ ಹಾಕಿಕೊಂಡು ಅಂಚು ದಾಟಿ ಇಳಿದರು.

ಎರಡು ಗಂಟೆ ಕಳೆದ ಮೇಲೆ ಕಾವಲು ಹಗ್ಗ ಮೂರು ಸಲ ಜಗ್ಗಿತು. ನಾನು ಗೋಡೆಯ ಹತ್ತಿರ ಹೋದೆ. ಅಂಗಾಲು ಜುಮ್ಮೆಂದಿತು. ಎದೆಯನ್ನು ಗೋಡೆಯ ಮೇಲಿಟ್ಟು ತಲೆ ಚಾಚಿದಾಗ ಸೊಂಟದ ಹಗ್ಗ ಬಿಗಿಯಿತು, ಅದರ ಉದ್ದ ಸರಿಯಾಗಿ ಅಷ್ಟೇ ಇತ್ತು. ಬೆನ್ನ ಹಿಂದೆ ಅಕ್ಕ ನಿಂತಿರುವುದು ಗೊತ್ತಿತ್ತು. ಕಣ್ಣು ತೆರೆದು ನೋಡಿದೆ. ಕೆಳಗೆ, ಹೆಸರುಕಾಳಿನಷ್ಟು ಚಿಕ್ಕದಾಗಿ, ಭಾವ ನೆಲದ ಮೇಲೆ ನಿಂತು ಮುಖವೆತ್ತಿ ಕಾಯುತ್ತಿದ್ದರು.

"ಕಂಡ್ರಾ?" ಎಂದಳು ಅಕ್ಕ.

"ಕಂಡ್ರು" ಅಂದೆ. ಎದ್ದು ಹೋಗಿ ಮೊದಲು ಕೆಲಸದ ಹಗ್ಗ ಬಿಚ್ಚಿದೆ.